ಕರಗದ ದಾರ

ಆನೆ ಕುದುರೆ ಮಾತಾಡುತ್ತಿದ್ದ ಕಾಲದ ಕಥೆಯಲ್ಲ ಇದು. ಮನುಷ್ಯರು ಆಡಿದ ಮಾತು ಮನುಷ್ಯರಿಗೇ ನೆಟ್ಟಗೆ ಕೇಳಿಸದ ಕಾಲದ ಕಥೆ. ಅಂಥ ಕಾಲದಲ್ಲಿ ಒಂದೂರು, ಊರಿಗೊಂದು ದೊಡ್ಡಾಸ್ಪತ್ರೆ, ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಮೂತ್ರರೋಗದ ವಿಭಾಗ, ಆ ವಿಭಾಗಕ್ಕೆ ಕಲಿಯಲು ಬಂದ ಒಬ್ಬಳು ಹುಡುಗಿ. ಹುಡುಗಿ ಅಂದರೆ ತೀರ ಹುಡುಗಿಯೇನಲ್ಲ. ಡಾಕ್ಟರಾಗಿ, ಆಮೇಲೆ ಸರ್ಜರಿ ಮುಗಿಸಿ, ಅದೂ ಸಾಲದೆಂದು ಇನ್ನೂ ಮೂರು ವರ್ಷ ಕಿಡ್ನಿ, ಮೂತ್ರನಾಳ, ಮೂತ್ರಚೀಲಗಳ ಓದಿಗೆ ಕೂತವಳು. ಮನೆಯಲ್ಲಿ ಅವಳ ಹೆಸರು ಅಳಿಸಿಹೋಗಿ ಕೊಳಾಯಮ್ಮ ಅಂತಾಗಿತ್ತು. ಬಚ್ಚಲಿನ ನಲ್ಲಿ ತೊಟ್ಟಿಕ್ಕಿದರೂ ಅವಳಮ್ಮ, "ಕರೀರಿ ನಮ್ಮ ಕೊಳಾಯಮ್ಮನ್ನ, ಇಷ್ಟು ವರ್ಷ ಓದಿದ್ದಾದ್ರೂ ಯಾತಕ್ಕೆ" ಅನ್ನುತ್ತಿದ್ದಳು.

ಅಜ್ಜಿಯ ತೊಡೆಯ ಮೇಲೆ ಕಥೆ ಕೇಳಿಕೊಂಡು ಬೆಳೆದವಳು ಕೊಳಾಯಮ್ಮ. ಅಜ್ಜಿಯ ಕಥೆಗಳಲ್ಲಿ ಯಾರಾದರೊಬ್ಬರು ಮಾತು ಕೊಡುತ್ತಿದ್ದರು, ಕೊಟ್ಟು ಮರೆಯುತ್ತಿದ್ದರು, ಮರೆತ ಮಾತು ಏಳು ಕಾಡು ದಾಟಿ ಬಂದು ಬಾಗಿಲು ತಟ್ಟುತ್ತಿತ್ತು. ಅದಕ್ಕೇ ಏನೋ, ಅವಳಿಗೆ ರೋಗಿಗಳ ಹತ್ತಿರವೂ ಕಥೆಯ ಧಾಟಿಯಲ್ಲೇ ಮಾತಾಡುವ ಚಾಳಿ. "ನೋಡಿ, ಮೇಲೆರಡು ಕೆರೆ, ಕೆಳಗೊಂದು ಕೊಳ, ನಡುವೆ ಎರಡು ಕಾಲುವೆ. ನಿಮ್ಮ ಎಡಗಡೆ ಕೆರೆಯಲ್ಲಿ ಬಂಡೆ ಕೂತಿದೆ" ಎಂದರೆ ಹಳ್ಳಿಯವರಿಗೂ ಪೇಟೆಯವರಿಗೂ ಥಟ್ಟನೆ ಅರ್ಥವಾಗುತ್ತಿತ್ತು. ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಅನ್ನುತ್ತಿದ್ದರು. ಅವರು ಇದನ್ನು ಕೇಳಿ ಒಮ್ಮೆ, "ಕಥೆ ಚೆನ್ನಾಗಿದೆ. ಪರೀಕ್ಷೆಯಲ್ಲಿ ಬರೀಬೇಡ" ಅಂದಿದ್ದರು. ಅದನ್ನು ಹೊಗಳಿಕೆಯೆಂದೇ ಅವಳು ತಿಂಗಳುಗಟ್ಟಲೆ ನೆನೆಸಿಕೊಂಡಳು.

ಅವಳ ಮೊದಲ ವರ್ಷದಲ್ಲಿ ಒಬ್ಬ ದರ್ಜಿ ಬಂದ. ನಡುವಯಸ್ಸು, ಕುತ್ತಿಗೆಗೆ ಅಳತೆಯ ಟೇಪು. ಆಸ್ಪತ್ರೆಯ ಉಡುಪು ಹಾಕಿಸಿದರೂ ಟೇಪನ್ನು ತೆಗೆದಿರಲಿಲ್ಲ. ಉಡುಪನ್ನು ನೋಡಿಕೊಂಡು, "ಯಾವ ಪುಣ್ಯಾತ್ಮ ಹೊಲಿದನೋ, ಹಿಂದುಗಡೆ ಬಟ್ಟೆ ಇಡೋದನ್ನೇ ಮರೆತಿದ್ದಾನೆ" ಅಂದ. ಎಡ ಕಿಡ್ನಿಯಲ್ಲಿ ನೆಲ್ಲಿಕಾಯಿ ಗಾತ್ರದ ಕಲ್ಲು. ಬೆನ್ನಿನಲ್ಲಿ ಬೆರಳು ತೂರುವಷ್ಟು ತೂತು ಮಾಡಿ, ಕಲ್ಲನ್ನು ಪುಡಿಗುಟ್ಟಿ ತೆಗೆದರು. ಕೊನೆಯಲ್ಲಿ ದೊಡ್ಡವರು ಪಕ್ಕಕ್ಕೆ ಸರಿದು, ಸ್ಟೆಂಟ್ ಹಾಕುವ ಕೆಲಸ ಕೊಳಾಯಮ್ಮನಿಗೆ ಬಿಟ್ಟರು. ಸ್ಟೆಂಟ್ ಎಂದರೆ ನೀಲಿ ಬಣ್ಣದ ತೆಳು ನಳಿಗೆ. ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ ಸುರುಳಿ ಸುತ್ತಿಕೊಂಡು ಕೂರುತ್ತದೆ. ಕಾಲುವೆ ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಆರು ವಾರ ಅದರ ಆಯಸ್ಸು. ಆಮೇಲೆ ತೆಗೆಯಲೇಬೇಕು. ಅದು ಅವಳು ಸ್ವಂತ ಕೈಯಿಂದ ಹಾಕಿದ ಮೊದಲ ಸ್ಟೆಂಟು.

ಮರುದಿನ ಅಂಥದ್ದೇ ಒಂದನ್ನು ಅವನಿಗೆ ತೋರಿಸಿದಳು. ದರ್ಜಿ ಬೆರಳುಗಳ ನಡುವೆ ಹೊಸೆದು ನೋಡಿ, "ಓಹೋ, ದಾರ. ಎರಡೂ ಕಡೆ ಗಂಟು ಹಾಕಿದ್ದೀರಿ" ಅಂದ.

"ಹೂಂ, ದಾರ ಅನ್ನಿ. ನಾನೇ ಹಾಕಿದ್ದು, ನಾನೇ ತೆಗೀತೀನಿ" ಎಂದಳು ಅವಳು, ಹೆಮ್ಮೆ ತಡೆಯದೆ.

ಅಲ್ಲಿಗೆ ಮಾತು ಕೊಟ್ಟಾಯಿತು.

ಮನೆಗೆ ಕಳಿಸುವ ದಿನ ವಾರ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಅವನ ಬೆನ್ನಿನ ಗಾಯ ನೋಡುತ್ತಿದ್ದಳು. ಅಲ್ಲೊಂದೇ ಒಂದು ಹೊಲಿಗೆ. ದರ್ಜಿ ಕೇಳಿದ, "ದಾರ ತೆಗೆಸೋಕೆ ಯಾವತ್ತು ಬರಲಿ?" ಅವಳ ಕಣ್ಣು ಹೊಲಿಗೆಯ ಮೇಲಿತ್ತು. "ಬರೋದು ಬೇಡ, ಅದು ತಾನಾಗೇ ಕರಗಿ ಹೋಗುತ್ತೆ" ಅಂದಳು. ಹೊಲಿಗೆಯ ಮಟ್ಟಿಗೆ ಅದು ನಿಜವೇ. ದರ್ಜಿ ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಅವಳು ಪಕ್ಕದ ಮಂಚಕ್ಕೆ ಹೋಗಿಯಾಗಿತ್ತು.

ವಿಭಾಗದಲ್ಲಿ ಒಂದು ಉದ್ದ ಪುಸ್ತಕವಿತ್ತು. ಎಡಪುಟದಲ್ಲಿ ಯಾರಿಗೆ, ಯಾವತ್ತು ಸ್ಟೆಂಟ್ ಹಾಕಿದ್ದು. ಬಲಪುಟದಲ್ಲಿ ಯಾವತ್ತು ತೆಗೆದದ್ದು. ಆರು ವಾರ ದಾಟಿಯೂ ಬಲಗಡೆ ಖಾಲಿ ಇದ್ದವರಿಗೆಲ್ಲ ಶನಿವಾರ ಶನಿವಾರ ಮೊದಲ ವರ್ಷದವರು ಫೋನು ಮಾಡಬೇಕು. ಎಂಟನೇ ವಾರದ ಶನಿವಾರ ಕೊಳಾಯಮ್ಮ ದರ್ಜಿಗೆ ಫೋನು ಮಾಡಿದಳು. ಫೋನು ಕೆನ್ನೆ ಹೆಗಲುಗಳ ನಡುವೆ, ಕೈಯಲ್ಲಿ ಇನ್ಯಾರದೋ ರಕ್ತಪರೀಕ್ಷೆಯ ಚೀಟಿ.

"ದಾರದ ಕೆಲಸ ಆಯ್ತಾ?" ಎಂದು ಅವನ ಮಾತಿನಲ್ಲೇ ಕೇಳಿದಳು. ಅವನಿಗೆ ಅರ್ಥವಾಗಲೆಂದೇ.

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಆಯ್ತಮ್ಮ, ಯಾವಾಗಲೋ ಆಗಿರಬೇಕು. ಏನೂ ತೊಂದರೆ ಇಲ್ಲ."

ನಡುವೆ ಹದಿನೈದು ದಿನ ಅವಳನ್ನು ಮಕ್ಕಳ ವಿಭಾಗಕ್ಕೆ ಕಳಿಸಿದ್ದರು. ತಾನಿಲ್ಲದಾಗ ಯಾರೋ ತೆಗೆದಿದ್ದಾರೆ, ತನ್ನ ಮೊದಲ ಸ್ಟೆಂಟನ್ನು ತನಗೇ ಬಿಡದೆ ತೆಗೆದಿದ್ದಾರೆ ಅಂದುಕೊಂಡಳು. ಚೂರು ಬೇಜಾರೂ ಆಯಿತು. ಬಲಪುಟದಲ್ಲಿ ಬರೆದಳು: ತೆಗೆದಾಗಿದೆ, ಫೋನಿನಲ್ಲಿ ತಿಳಿಸಿದ್ದಾರೆ. ಕೆಳಗೆ ಸಹಿ.

ಕಥೆಯಲ್ಲಾದರೆ ಇಲ್ಲಿ ಏಳು ಕಾಡು ಬರಬೇಕು. ಬಂದದ್ದು ಇಪ್ಪತ್ತೆರಡು ತಿಂಗಳು.

ಅವಳ ಕೊನೆಯ ವರ್ಷ. ಹೊರರೋಗಿಗಳ ಕೋಣೆಯ ಬಾಗಿಲು ತಳ್ಳಿಕೊಂಡು ಟೇಪು ಮೊದಲು ಬಂತು, ಆಮೇಲೆ ದರ್ಜಿ. ಹಿಂದೆ ಅವನ ಅಕ್ಕ. ಮೂತ್ರದಲ್ಲಿ ರಕ್ತ, ಎಡಗಡೆ ನೋವು, ಬಿಟ್ಟು ಬಿಟ್ಟು ಜ್ವರ. "ಕೆರೆ ಡಾಕ್ಟ್ರೇ, ನೆನಪಿದೆಯಾ? ನಿಮ್ಮ ಕೆರೆ ಮತ್ತೆ ಕೆಟ್ಟಿದೆ" ಎಂದು ನಕ್ಕ. ಅವಳೂ ನಕ್ಕಳು. ಆಮೇಲೆ ಎಕ್ಸ್‌ರೇ ಬಂತು.

ಅವಳು ಅದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಳು. ಕಿಡ್ನಿಯಿಂದ ಮೂತ್ರಚೀಲದವರೆಗೆ ಒಂದು ಬಿಳಿ ಗೆರೆ. ಎರಡೂ ತುದಿಗೆ ಎರಡು ಬಿಳಿ ಗುಂಡು. ನಳಿಗೆಯ ಮೇಲೆ ಸುಣ್ಣದ ಹಾಗೆ ಕಲ್ಲು ಕಟ್ಟಿತ್ತು. ಸುರುಳಿಗಳು ಕಲ್ಲಿನೊಳಗೆ ಹೂತುಹೋಗಿದ್ದವು. ಆಮೇಲೆ ಮಾಡಿಸಿದ ಸ್ಕ್ಯಾನ್ ಉಳಿದದ್ದನ್ನು ಹೇಳಿತು: ಎಡ ಕಿಡ್ನಿ ಕೆಲಸ ಮಾಡುತ್ತಿರುವುದು ನೂರಕ್ಕೆ ಹನ್ನೆರಡು ಪಾಲು. ಅರ್ಧ ಹೊರೆ ಹೊರಬೇಕಾದದ್ದು.

ದೊಡ್ಡವರು ಪುಸ್ತಕ ತರಿಸಿ ಬಲಪುಟ ಓದಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಫೋನಿನಲ್ಲಿ ಏನು ಕೇಳಿದೆ? ಇದ್ದ ಮಾತು ಇದ್ದ ಹಾಗೆ ಹೇಳು."

"ದಾರದ ಕೆಲಸ ಆಯ್ತಾ ಅಂತ."

"ಸ್ಟೆಂಟ್ ಅನ್ನಲಿಲ್ಲ."

"ಅವರು ದಾರ ಅಂತಿದ್ರು, ಸಾರ್."

"ಅವರು ಅನ್ನಲಿ. ಅವರು ದರ್ಜಿ." ಪುಸ್ತಕ ಮುಚ್ಚಿದರು. "ಮೊದಲು ಬೆನ್ನಿನಿಂದ ಕೊಳವೆ ಇಟ್ಟು ಕಿಡ್ನಿ ಖಾಲಿ ಮಾಡೋಣ. ಏಳುತ್ತೋ ಇಲ್ಲವೋ ಒಂದು ತಿಂಗಳು ನೋಡೋಣ. ಆಮೇಲೆ ಕಲ್ಲು ಒಡೆದು ಅದನ್ನ ತೆಗೆಯೋದು. ಅವರಿಗೆ ಹೇಳೋದು ಯಾರು?"

"ನಾನೇ ಹೇಳ್ತೀನಿ" ಅಂದಳು. ಅಂದಮೇಲೂ ಮೂರು ದಿನ ಹೇಳಲಿಲ್ಲ. ದಾರ ಕರಗದೆ ಒಳಗೇ ಉಳಿದು ಕಲ್ಲು ಕಟ್ಟಿದೆ ಅನ್ನುವುದಷ್ಟೇ ಅವರಿಗೆ ಗೊತ್ತಿತ್ತು.

ಹೇಳದೆ ಇರುವುದಕ್ಕೆ ಅಕ್ಕನೇ ದಾರಿ ಮಾಡಿಕೊಟ್ಟಿದ್ದಳು. ವಾರ್ಡಿನಲ್ಲಿ ಬೆಳಗಾದರೆ ಅವಳ ಸಹಸ್ರನಾಮ ಶುರು: "ಮೂವತ್ತು ವರ್ಷ ದಾರದ ಜೊತೆ ಸಂಸಾರ ಮಾಡಿದೋನು ನೀನು, ಯಾವುದು ಕರಗುತ್ತೆ ಯಾವುದು ಕರಗಲ್ಲ ಅಂತ ಗೊತ್ತಾಗಲಿಲ್ವಾ? ಡಾಕ್ಟ್ರು ಇನ್ನೇನೋ ಹೇಳಿರ್ತಾರೆ, ನೀನು ಇನ್ನೇನೋ ಕೇಳಿಸ್ಕೊಂಡಿರ್ತೀಯ. ಚಿಕ್ಕಂದಿನಿಂದ ಹಾಗೇ ಇವನು, ಕಿವಿ ಒಂದು ಕಡೆ, ಬುದ್ಧಿ ಒಂದು ಕಡೆ." ದರ್ಜಿ ತಲೆ ತಗ್ಗಿಸಿ, "ಇರಬಹುದಕ್ಕ, ನಾನೇ ತಪ್ಪು ಕೇಳಿಸಿಕೊಂಡಿರಬೇಕು" ಅನ್ನುತ್ತಿದ್ದ. ಕೊಳಾಯಮ್ಮ ಪಕ್ಕದ ಮಂಚದ ಹತ್ತಿರ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಸುಮ್ಮನಿದ್ದರೆ ಸಾಕಿತ್ತು. ತಪ್ಪು ತಾನಾಗೇ ಕರಗಿಹೋಗುತ್ತಿತ್ತು.

ಬೆನ್ನಿನ ಕೊಳವೆಗೆ ಒಂದು ಚೀಲ ಕಟ್ಟಿದ್ದರು. ಎರಡನೇ ದಿನ ದರ್ಜಿ ಅಕ್ಕನಿಂದ ಸೂಜಿ, ಹಳೆಯ ಬಟ್ಟೆಯ ತುಂಡು ತರಿಸಿ ಚೀಲಕ್ಕೊಂದು ಜೇಬು ಹೊಲಿದ. ಸೊಂಟಕ್ಕೆ ಕಟ್ಟಿಕೊಂಡರೆ ಹೊರಗೆ ಏನೂ ಕಾಣದು. ಮೂರನೇ ದಿನ ವಾರ್ಡಿನ ಐದು ಮಂದಿಯ ಸೊಂಟದಲ್ಲಿ ಅಂಥ ಜೇಬುಗಳಿದ್ದವು. ಒಬ್ಬರು ಮುದುಕರು ತಮ್ಮದಕ್ಕೆ ಗುಂಡಿ ಬೇಕೆಂದು ಹಠ ಹಿಡಿದಿದ್ದರು. ದರ್ಜಿ ಹಲ್ಲಿನಿಂದ ದಾರ ಕಡಿದು, ಗಂಟು ಹಾಕಿ, ಎಳೆದು ಪರೀಕ್ಷಿಸುವುದನ್ನು ಅವಳು ನೋಡಿದಳು. ಪ್ರತಿ ಗಂಟನ್ನೂ ಎರಡೆರಡು ಸಲ ಎಳೆಯುತ್ತಿದ್ದ. ಅದನ್ನು ನೋಡುತ್ತ ನಿಲ್ಲಲು ಅವಳಿಂದಾಗಲಿಲ್ಲ. ಮಂಚದ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತಳು.

"ನೀವು ತಪ್ಪು ಕೇಳಿಸಿಕೊಳ್ಳಲಿಲ್ಲ" ಅಂದಳು. "ನೀವು ಕೇಳಿದ್ದು ಒಳಗಿನ ದಾರ. ನಾನು ಹೇಳಿದ್ದು ಬೆನ್ನಿನ ಹೊಲಿಗೆ. ಕರಗುತ್ತೆ ಅಂದೋಳು ನಾನೇ. ಫೋನು ಮಾಡಿದಾಗಲೂ ಸರಿಯಾಗಿ ಕೇಳದೆ, ತೆಗೆದಾಗಿದೆ ಅಂತ ಪುಸ್ತಕದಲ್ಲಿ ಬರೆದೆ. ಆರು ವಾರಕ್ಕೆ ತೆಗೀಬೇಕಿತ್ತು. ನಿಮ್ಮ ಕಿಡ್ನಿ ಹೋಗ್ತಿರೋದು ಅದರಿಂದ."

ಅಕ್ಕ ತಮ್ಮನನ್ನು ಬಿಟ್ಟು ಅವಳ ಕಡೆ ತಿರುಗಿದಳು.

ದರ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. "ಅವತ್ತೇ ನಂಗೆ ಅನ್ನಿಸಿತ್ತು. ಕರಗೋ ದಾರಕ್ಕೆ ಅಷ್ಟು ಚೆಂದದ ನೀಲಿ ಬಣ್ಣ ಯಾಕೆ ಹಾಕ್ತಾರೆ ಅಂತ. ಕೇಳೋಣ ಅಂದ್ಕೊಂಡೆ. ನೀವು ಆಗಲೇ ಪಕ್ಕದೋರ ಹತ್ರ ಹೋಗಿದ್ರಿ. ಮತ್ತೆ ಕರೆಯೋದು ಹ್ಯಾಗೆ ಅಂತ ಸುಮ್ಮನಾದೆ" ಅಂದ.

ಅವನು ಕೂಗಾಡಬಹುದೆಂದು ಅವಳು ಅಂದುಕೊಂಡು ಬಂದಿದ್ದಳು. ಕೂಗಾಟಕ್ಕೆ ಉತ್ತರ ಸಿದ್ಧವಿತ್ತು.

"ಬೇರೆ ಡಾಕ್ಟ್ರ ಹತ್ರ ಹೋಗೋಣ ನಡಿ" ಅಂದಳು ಅಕ್ಕ, ಈಗ ಕೊಳಾಯಮ್ಮನ ಮುಖ ನೋಡದೆ. "ಇವಳ ಕೈಗೇ ಮತ್ತೆ ಕೊಡ್ತೀಯಾ?"

"ಇನ್ನೊಬ್ಬರು ಹೊಲಿದದ್ದನ್ನ ಬಿಚ್ಚೋದು ಎಷ್ಟು ಕಷ್ಟ ಅಂತ ನಿಂಗೆ ಗೊತ್ತಿಲ್ಲಕ್ಕ. ಗಂಟು ಎಲ್ಲಿದೆ ಅಂತ ಹಾಕಿದೋರಿಗೇ ಗೊತ್ತಿರೋದು." ದರ್ಜಿ ಅವಳ ಕಡೆ ತಿರುಗಿದ. ನಗು ಇರಲಿಲ್ಲ. "ನಾನೇ ತೆಗೀತೀನಿ ಅಂದಿದ್ರಿ. ತೆಗೀರಿ."

ಒಂದು ತಿಂಗಳು ಕಾದರು. ಹನ್ನೆರಡು ಹದಿಮೂರಾಯಿತು, ಅಷ್ಟೇ. "ಇದು ಇನ್ನು ಇಷ್ಟೇ" ಅಂದರು ದೊಡ್ಡವರು. "ತೆಗೆದುಹಾಕುವಷ್ಟು ಕೆಟ್ಟಿಲ್ಲ. ಬಲಗಡೆಯದು ಗಟ್ಟಿಯಾಗಿದೆ, ಅದನ್ನ ಕಣ್ಣಿಟ್ಟು ಕಾಯಬೇಕು." ದರ್ಜಿಗೆ ಅದನ್ನೂ ಅವಳೇ ಹೇಳಿದಳು. ಈ ಸಲ ಕೆರೆಯ ಕಥೆ ಹೇಳಲಿಲ್ಲ. ಕಿಡ್ನಿ ಅಂದಳು, ಸ್ಟೆಂಟ್ ಅಂದಳು. ಹೇಳಿದ್ದನ್ನು ಅವನಿಂದ ತಿರುಗಿ ಹೇಳಿಸಿ ಕೇಳಿಸಿಕೊಂಡಳು. ಅಂದು ಮನೆಯಲ್ಲಿ ಅಮ್ಮ ಕೊಳಾಯಮ್ಮ ಎಂದು ಕರೆದಾಗ ಅವಳು ಓಗೊಡಲಿಲ್ಲ. ಅಜ್ಜಿ ಮಾತ್ರ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

ಮೊದಲ ಸಲ ಮೂತ್ರಚೀಲದ ತುದಿಯ ಕಲ್ಲು ಒಡೆದರು. ಎರಡನೇ ಸಲ ಬೆನ್ನಿನಿಂದ ಹೋಗಿ ಕಿಡ್ನಿಯ ತುದಿಯದ್ದು, ನಾಳದ ಉದ್ದಕ್ಕೂ ಕಟ್ಟಿದ್ದು. ದೊಡ್ಡವರು ಮಾಡಿದರು; ಅವಳು ಕೊಳವೆಯಲ್ಲಿ ನೀರು ಹಾಯಿಸಿದಳು, ಚೂರು ಹೆಕ್ಕಿದಳು. ಮೂರನೇ ಸಲ ಉಳಿದದ್ದು ಎಳೆದು ತೆಗೆಯುವ ಕೆಲಸ ಒಂದೇ. ಬೆಳಗ್ಗೆ ಹತ್ತು ಗಂಟೆ. ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು, ದರ್ಜಿ ಎಚ್ಚರವಾಗಿದ್ದ. ಟೇಪನ್ನು ಸಿಸ್ಟರ್ ಬಲವಂತವಾಗಿ ತೆಗೆಸಿ ದಿಂಬಿನ ಪಕ್ಕ ಇಟ್ಟಿದ್ದರು. ದೊಡ್ಡವರು ಪಕ್ಕಕ್ಕೆ ಸರಿದು ನಿಂತರು, ಎರಡು ವರ್ಷದ ಹಿಂದೆ ನಿಂತ ಹಾಗೆ.

ಪರದೆಯ ಮೇಲೆ ಮೂತ್ರಚೀಲದ ಗುಲಾಬಿ ಗೋಡೆ ಕಾಣಿಸಿತು, ಆಮೇಲೆ ಸುರುಳಿಯ ತುದಿ. ನೀಲಿ ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅವಳು ಚಿಮಟದ ಬಾಯಿ ತೆರೆದು ತುದಿ ಕಚ್ಚಿಸಿದಳು. ಜೋರಾಗಿ ಎಳೆದರೆ ಒಳಗೇ ತುಂಡಾಗುತ್ತದೆ. ಅವಳು ಉಸಿರು ಬಿಟ್ಟು, ಒಂದು ಕೂದಲಷ್ಟು ಎಳೆದು ನಿಂತಳು. ಬಂತು. ಮತ್ತೊಂದು ಕೂದಲಷ್ಟು. ಎಲ್ಲೋ ಸಿಕ್ಕಿಕೊಂಡಿತು; ಬಿಟ್ಟಳು, ಕಾದಳು, ಮತ್ತೆ ಎಳೆದಳು. ದರ್ಜಿ ಪರದೆಯಿಂದ ಕಣ್ಣು ಕೀಳದೆ ಮಲಗಿದ್ದ. ಅವನ ಹೆಬ್ಬೆರಳು ತೋರುಬೆರಳುಗಳು ಹಾಸಿಗೆಯ ಮೇಲೆ ಇಲ್ಲದ ದಾರವನ್ನು ಹೊಸೆಯುತ್ತಿದ್ದವು.

ಅದು ಹೊರಗೆ ಬಂದು ತಟ್ಟೆಗೆ ಬಿದ್ದಾಗ ಸಣ್ಣದೊಂದು ಟಿಣ್ ಅಂದಿತು, ಅಂಟಿದ್ದ ಕಲ್ಲಿನ ಚೂರು ತಾಗಿ.

"ಬಂತಾ?" ಅಂದ ದರ್ಜಿ.

"ಬಂತು."

"ಎರಡೂ ತುದಿ?"

ಅವಳು ತಟ್ಟೆಯನ್ನು ದೀಪದ ಕೆಳಗೆ ಹಿಡಿದು ಒಂದು ಸುರುಳಿ ನೋಡಿದಳು, ಇನ್ನೊಂದು ಸುರುಳಿ ನೋಡಿದಳು. ಎರಡನ್ನೂ ಇನ್ನೊಂದು ಸಲ ನೋಡಿದಳು. ಆಮೇಲೆ ಅವನಿಗೆ ಕಾಣುವ ಹಾಗೆ ತಟ್ಟೆಯನ್ನು ತಲೆದಿಂಬಿನ ಹತ್ತಿರ ತಂದಳು.

"ಎರಡೂ ತುದಿ" ಅಂದಳು.