ಒಂಬತ್ತು ಗಂಟೆಯ ಅಜ್ಜಿ

"ಬಿಚ್ಚೇ ಅದನ್ನ! ಕೆಂಪು ಸ್ವೆಟರ್ ಹಾಕ್ಕೊಂಡು ಮದುವಣಗಿತ್ತಿ ಥರ ನಿಂತವ್ಳೆ, ಮುಂಡೆ!"

ಲಿಕೂರ್ಗೋಸ್ ಅಂಗಳದಿಂದಲೇ ಕಿರುಚಿದ. ಪಗೋನಾ ಹಿಟ್ಟು ಮೆತ್ತಿದ ಕೈಗಳನ್ನು ಹಾಗೆಯೇ ಎತ್ತಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು.

"ಚಳಿ ಐತೆ ಕಣೋ. ಬೆಸ್ನಿಕ್‌ನ ಹೆಂಡ್ತಿ ಕೊಟ್ಲು."

"ಚಳಿಯಾದ್ರೆ ಒಲೆ ಒಳಗೆ ಬಿದ್ಕೊ. ಒಂಬತ್ತಕ್ಕೆ ವ್ಯಾನ್ ಬರ್ತದೆ. ಗಂಡ ಸತ್ತೋಳು ಕೆಂಪು ಹಾಕ್ತಾಳೇನೇ?"

"ನಂಗೆ ಗಂಡ ಯಾವಾಗಿದ್ದ, ಸಾಯಕ್ಕೆ?"

"ನಾಲಿಗೆ ಕಿತ್ತಾಕ್ತೀನಿ ನೋಡು. ದುಡ್ಡು ಕೊಟ್ಟು ಬರೋರು ಅಜ್ಜಿನ ನೋಡೋಕೆ ಬರ್ತಾರೆ, ನಿನ್ನಲ್ಲ."

ಪಗೋನಾ ಕೈ ತೊಳೆದುಕೊಂಡು, ಹಳೆ ಎಣ್ಣೆಪೀಪಾಯಿಗಳ ಕೊಟ್ಟಿಗೆಗೆ ಒತ್ತಿಕೊಂಡಿದ್ದ ತನ್ನ ಕೋಣೆಗೆ ಹೋಗಿ ಕರಿ ಬಟ್ಟೆ ತೊಟ್ಟಳು. ಅದು ಲಿಕೂರ್ಗೋಸನ ನಿಜವಾದ ಅಜ್ಜಿ ಎವಾಂಥಿಯಾಳದು. ಆಕೆ ಸತ್ತು ಹನ್ನೊಂದು ವರ್ಷವಾಗಿತ್ತು. ತೋಳು ನಾಲ್ಕು ಬೆರಳು ಉದ್ದವಿತ್ತು. ಪಗೋನಾ ಮಡಚಿಕೊಂಡಳು.

ಈ ಮನೆಗೆ ಬಂದಾಗ ಅವಳಿಗೆ ಒಂಬತ್ತು ವರ್ಷ. ಅಪ್ಪ ಬೆಟ್ಟದೂರಿನಿಂದ ಹೇಸರಗತ್ತೆಯ ಮೇಲೆ ಕೂರಿಸಿಕೊಂಡು ಇಳಿದು ಬಂದು, ಸಮುದ್ರ ತೋರಿಸುತ್ತೇನೆಂದು ಹೇಳಿ, ಎವಾಂಥಿಯಾಳ ಬಾಗಿಲಲ್ಲಿ ಬಿಟ್ಟು ಹೋದ. "ಮಗಳ ಹಂಗೆ ಸಾಕ್ತೀನಿ. ಮದುವೆ ಹೊತ್ಗೆ ಇಪ್ಪತ್ತು ಆಲಿವ್ ಮರ ಬರ್ದು ಕೊಡ್ತೀನಿ" ಎಂದಿದ್ದಳು ಎವಾಂಥಿಯಾ. ಪಕ್ಕದೂರಿನ ಚಪ್ಪಲಿ ಹೊಲಿಯುವವನೊಬ್ಬ ಎರಡು ಸಲ ಹೆಣ್ಣು ಕೇಳಲು ಬಂದ. ಎರಡು ಸಲವೂ ಕೊಯ್ಲು ಮುಗಿಯಲಿ ಎಂದು ಎವಾಂಥಿಯಾ ಕಳಿಸಿದಳು. ಮೂರನೆಯ ಸಲ ಅವನು ಬರಲಿಲ್ಲ. ಅರವತ್ತೈದು ತುಂಬಿದಾಗ ಪಗೋನಾ ಪಿಂಚಣಿ ಕಚೇರಿಗೆ ಹೋದಳು. ಕೂಲಿಯವಳೆಂಬುದಕ್ಕೆ ಕಾಗದ ಎಲ್ಲಿ ಎಂದ ಗುಮಾಸ್ತ. "ಸಾಕುಮಗಳು ಅಂತೀಯ. ಮಗಳು ಮನೆಗೆಲಸ ಮಾಡಿದ್ದಕ್ಕೆ ಸರ್ಕಾರ ಯಾಕಮ್ಮ ಕೊಡ್ಬೇಕು? ಅವರ ಆಸ್ತೀಲಿ ಕೇಳ್ಕೊ ಹೋಗು." ಕೇಳಿದಳು. ಲಿಕೂರ್ಗೋಸ್ ಬಿದ್ದು ಬಿದ್ದು ನಕ್ಕ. ಅವನ ಹೊಲಸು ಬಟ್ಟೆ ಒಗೆದು, ಅವನನ್ನು ಬೆನ್ನ ಮೇಲೆ ಹೊತ್ತು ಬೆಳೆಸಿದವಳು ಅವಳೇ.

ಒಂಬತ್ತಕ್ಕೆ ವ್ಯಾನ್ ಬಂತು. ಆರು ಜನ ಇಳಿದರು. ಆಲಿವ್ ತೋಟದಲ್ಲಿ ಅಲ್ಬೇನಿಯಾದ ಕೂಲಿ ಬೆಸ್ನಿಕ್ ಕೊಂಬೆ ಬಡಿಯುವ ಯಂತ್ರವನ್ನು ಹೊತ್ತುಕೊಂಡು ಕಲ್ಲುಗೋಡೆಯ ಹಿಂದಕ್ಕೆ ಹೋಗುತ್ತಿದ್ದ. ಪ್ರವಾಸಿಗರ ಕಣ್ಣಿಗೆ ಯಂತ್ರವೂ ಬೀಳಬಾರದು, ಅವನೂ ಬೀಳಬಾರದು.

"ಹೋಗಮ್ಮ, ನೀನು ಅಜ್ಜಿ ಆಗು. ನಾನು ಇಲ್ದೋನಾಗ್ತೀನಿ" ಎಂದ ಅವನು.

ಕೈಗೆಟಕುವ ಕೊಂಬೆಗಳನ್ನು ವಾರದಿಂದ ಮುಟ್ಟದೆ ಉಳಿಸಿದ್ದರು. ಬಂದವರು ಹಸಿರು ಬಲೆ ಹಾಸಿ, ಪುಟ್ಟ ಕೈಬಾಚಣಿಗೆಗಳಿಂದ ಕೊಂಬೆ ಬಾಚಿದರು. ಕಾಯಿ ತಪತಪ ಉದುರಿದಾಗಲೆಲ್ಲ ಮಕ್ಕಳಂತೆ ಕೂಗಿದರು. ಲಿಕೂರ್ಗೋಸ್ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತ ಪಗೋನಾಳ ಹೆಗಲ ಮೇಲೆ ಕೈಯಿಟ್ಟು, ಕೆಳಗೆ ಹೊಳೆಯುತ್ತಿದ್ದ ಸಮುದ್ರವನ್ನು ತೋರಿಸಿದ. ಎಲ್ಲರೂ ಅವಳ ಕಡೆ ತಿರುಗಿದರು. ಒಬ್ಬಾಕೆ ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. ಪಗೋನಾಳಿಗೆ ಅರ್ಥವಾಗುತ್ತಿದ್ದುದು ಅಜ್ಜಿ ಎಂಬ ಒಂದು ಮಾತು ಮಾತ್ರ.

ಪ್ರತಿ ಸಲವೂ ಹೊರಡುವಾಗ ಬಂದವರೆಲ್ಲರೂ ಅವಳನ್ನು ಅಪ್ಪಿಕೊಳ್ಳುತ್ತಿದ್ದರು. ಕೊಯ್ಲಿನ ತಿಂಗಳು ಬಿಟ್ಟರೆ ವರ್ಷವಿಡೀ ಅವಳ ಮೈಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವರ ಸೆಂಟಿನ ವಾಸನೆ ಕರಿ ಬಟ್ಟೆಯಲ್ಲಿ ಮಾರನೇ ದಿನದವರೆಗೂ ಇರುತ್ತಿತ್ತು. ಅದಕ್ಕಾಗಿ ಅವಳು ಕಾಯುತ್ತಿದ್ದಳು. ಯಾರಿಗೂ ಅದನ್ನು ಹೇಳಿರಲಿಲ್ಲ.

ಆ ದಿನ ಬಂದವರಲ್ಲಿ ವೆನೇತಾ ಎಂಬಾಕೆ ಮೆಲ್ಬರ್ನಿನವಳು. ಅವಳ ತಾಯಿ ಇಲ್ಲಿನ ಬೆಟ್ಟದೂರಿನಿಂದ ಹಡಗು ಹತ್ತಿ ಹೋದವಳಂತೆ. ಬುಟ್ಟಿಯ ಕಾಯಿಯೊಳಗಿಂದ ಎಲೆ ಆರಿಸುತ್ತ ಪಕ್ಕಕ್ಕೆ ಬಂದು ಕೂತು, ತಾಯಿಯಿಂದ ಕಲಿತ ಹಳ್ಳಿ ಗ್ರೀಕಿನಲ್ಲಿ ಕೇಳಿದಳು.

"ಅಜ್ಜೀ, ಅವ್ರು ಮುಳುಗಿದ್ದು ಯಾವ ವರ್ಸ?"

"ಯಾರವ್ವ ಮುಳುಗಿದ್ದು?"

"ನಿಮ್ಮ ಯಜಮಾನ್ರು. ಮೀನಿಗೆ ಹೋದೋರು ಬರ್ಲೇ ಇಲ್ಲ, ನೀವು ನಲವತ್ತು ವರ್ಸದಿಂದ ದಿನಾ ಸಂಜೆ ದಡದಲ್ಲಿ ಕೂತು ಕಾಯ್ತೀರ ಅಂತ ನಿಮ್ಮ ಮೊಮ್ಮಗ ಹೇಳಿದ್ರು. ನಂಗೆ ಅಳು ಬಂತು."

ಪಗೋನಾ ಆರಿಸಿದ ಎಲೆಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು. ತನಗೊಬ್ಬ ಗಂಡನಿದ್ದ, ಅವನು ಸಮುದ್ರದಲ್ಲಿ ಸತ್ತ, ತಾನು ಅವನಿಗಾಗಿ ಕಾದೆ. ಬಂದು ಹೋದ ಪ್ರವಾಸಿಗರಿಗೆಲ್ಲ ಅದು ಗೊತ್ತಿತ್ತು, ಗೊತ್ತಿಲ್ಲದವಳು ಅವಳೊಬ್ಬಳೇ. ಯಾಕೋ ಅವಳಿಗೆ ಆ ಚಪ್ಪಲಿ ಹೊಲಿಯುವವನ ಮುಖ ನೆನಪಿಗೆ ತಂದುಕೊಳ್ಳಬೇಕೆನಿಸಿತು. ಬರಲಿಲ್ಲ. ಅವನ ಕೈಯ ಕರಿ ಉಗುರು ಮಾತ್ರ ನೆನಪಾಯಿತು.

ಮಧ್ಯಾಹ್ನ ಅಂಗಳದ ಉದ್ದ ಮೇಜಿನ ಮೇಲೆ ಊಟ ಇಟ್ಟಳು. ಬೆಳಗಿನ ಜಾವವೇ ಎದ್ದು ತಟ್ಟಿ ಸುಟ್ಟ ಕಾಡುಸೊಪ್ಪಿನ ಪೀತಾ, ಬೇಳೆ, ಆಡಿನ ಹಾಲಿನ ಚೀಸು, ರೊಟ್ಟಿ, ಹಸಿರಾಗಿ ಮಿನುಗುವ ಹೊಸ ಎಣ್ಣೆ. ಫೋಟೊಗೆ ನಿಂತಳು. ಅದಾದ ಮೇಲೆ ಒಳಗೆ ಹೋಗಿ, ಬಾಣಲೆಯ ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ತಿನ್ನುವುದು ರೂಢಿ.

"ಅಜ್ಜೀ, ಕೂತ್ಕಳಿ. ನಮ್ಜೊತೆ ಉಣ್ಣಿ" ಎಂದಳು ವೆನೇತಾ.

"ಅವಳಿಗೆ ಹೊಟ್ಟೆ ಸರಿಯಿಲ್ಲ" ಎಂದ ಲಿಕೂರ್ಗೋಸ್. ನಗುತ್ತಲೇ ಪಗೋನಾಳ ಮೊಣಕೈ ಹಿಡಿದು, ಹಲ್ಲಿನ ಸಂದಿಯಲ್ಲಿ, "ನಡಿಯೇ ಒಳಗೆ" ಎಂದ. ಆಮೇಲೆ ವೈನಿನ ಲೋಟ ಎತ್ತಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅದರೊಳಗೆ ಸ್ತ್ರಾತಿಸ್ ಎಂಬ ಹೆಸರು ಕೇಳಿಸಿತು.

ಪಗೋನಾ ಮೊಣಕೈ ಬಿಡಿಸಿಕೊಂಡಳು.

"ಸ್ತ್ರಾತಿಸ್ ನನ್ನ ಗಂಡ ಅಲ್ಲ" ಎಂದಳು, ಮೇಜಿನವರಿಗೆಲ್ಲ ಕೇಳುವ ಹಾಗೆ. "ಅವ್ನು ಈ ಮನೆ ಯಜಮಾನ, ಇವನ ತಾತ. ಮುಳುಗ್ಲಿಲ್ಲ, ಹಾಸಿಗೇಲಿ ಸತ್ತ, ಅವನ ಹೇಲು ಉಚ್ಚೆ ಬಾಚಿದ್ದು ನಾನು. ಇವ್ನು ನನ್ನ ಮೊಮ್ಮಗ ಅಲ್ಲ. ನಂಗೆ ಯಾರೂ ಇಲ್ಲ. ನಾನು ಈ ಮನೆ ಆಳು."

ಗ್ರೀಕ್ ಬಾರದ ಐವರೂ ಅರ್ಥ ಕೇಳುವವರಂತೆ ಲಿಕೂರ್ಗೋಸನ ಮುಖ ನೋಡಿದರು. ಅವನು ಒಂದು ಕ್ಷಣವೂ ತಡವರಿಸಲಿಲ್ಲ. ಕಣ್ಣು ಒರೆಸಿಕೊಳ್ಳುವವನ ಹಾಗೆ ಮಾಡಿ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದ. ಐದು ಲೋಟಗಳು ಮೇಲೆದ್ದವು. ಒಬ್ಬ ಮುದುಕ ಮೂಗು ಒರೆಸಿಕೊಂಡ.

ವೆನೇತಾಳಿಗೆ ಎಲ್ಲವೂ ಅರ್ಥವಾಗಿತ್ತು. ಪಗೋನಾ ಅವಳನ್ನೇ ನೋಡಿದಳು. ವೆನೇತಾ ತಟ್ಟೆಯ ಕಡೆ ನೋಡಿದಳು. ಆಮೇಲೆ ಅವಳೂ ಲೋಟ ಎತ್ತಿದಳು.

ಮೇಜಿನ ತುದಿಯಲ್ಲಿ ಯಜಮಾನನ ಕುರ್ಚಿಯಿತ್ತು. ಪಗೋನಾ ಅದನ್ನು ಕರಕರ ಎಳೆದು ಕೂತಳು. ಒಂದು ಖಾಲಿ ತಟ್ಟೆ ಹತ್ತಿರಕ್ಕೆಳೆದುಕೊಂಡು, ರೊಟ್ಟಿ ಮುರಿದು ಎಣ್ಣೆಯಲ್ಲಿ ಅದ್ದಿ ಬಾಯಿಗಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋನುಗಳು ಮೇಲೆದ್ದವು.

"ಪೀತಾ ಹಾಕೋ" ಎಂದಳು.

ಲಿಕೂರ್ಗೋಸ್ ನಗುಮುಖದಲ್ಲೇ ಬಗ್ಗಿ ಬಡಿಸಿದ. "ಇವ್ರು ಹೋಗ್ಲಿ, ಕತ್ತು ಮುರೀತೀನಿ ನಿಂದು" ಎಂದ ಮೆತ್ತಗೆ.

"ಚೀಸು ತಾ ಇತ್ಲಾಗೆ. ವೈನು ಹಾಕು. ತುಂಬ ಹಾಕು."

ಅವನು ಹಾಕಿದ. ಅವಳು ನಿಧಾನವಾಗಿ ಉಂಡಳು. ಪೀತಾಕ್ಕೆ ಉಪ್ಪು ಸ್ವಲ್ಪ ಮುಂದಾಗಿತ್ತು. ಅಷ್ಟು ವರ್ಷ ಮಾಡಿದ್ದರೂ ಕೂತುಕೊಂಡು ತಿಂದು ನೋಡಿರಲಿಲ್ಲ.

ನಾಲ್ಕು ಗಂಟೆಗೆ ಎದ್ದವರು ಒಬ್ಬೊಬ್ಬರಾಗಿ ಬಗ್ಗಿ ಅವಳನ್ನು ಅಪ್ಪಿಕೊಂಡರು. ಅವಳು ಕೈ ಮೇಜಿನ ಮೇಲಿಂದ ಎತ್ತಲಿಲ್ಲ. ವೆನೇತಾ ಕೊನೆಗೆ ಬಂದಳು. ಅಪ್ಪಿಕೊಳ್ಳಲಿಲ್ಲ.

"ನಾನು ಅವ್ರಿಗೆ ಹೇಳ್ಬೋದಿತ್ತು" ಎಂದಳು.

"ಹೇಳ್ಬೋದಿತ್ತು" ಎಂದಳು ಪಗೋನಾ.

ವ್ಯಾನಿನ ಹಾರ್ನ್ ಕೇಳಿ ವೆನೇತಾ ಹೋದಳು. ಗೋಡೆಯ ಹಿಂದೆ ಬೆಸ್ನಿಕ್‌ನ ಯಂತ್ರ ಸದ್ದು ಮಾಡತೊಡಗಿತು.

ಲಿಕೂರ್ಗೋಸ್ ಗೇಟು ಹಾಕಿಕೊಂಡು ಬಂದ.

"ಎದ್ದೇಳೇ ಮುಂಡೆ. ಪಾತ್ರೆ ತೆಗಿ. ನಾಳೆ ಹನ್ನೆರಡು ಜನ ಬರ್ತಾರೆ, ಅಜ್ಜಿ ಬೇಕು ಅವ್ರಿಗೆ."

"ನಿಮ್ಮಜ್ಜಿ ಚರ್ಚಿನ ಹಿಂದೆ ಮಲಗವ್ಳೆ. ಹೋಗಿ ಎಬ್ಬಿಸ್ಕೊಂಬಾ."

ಅವನು ಕೈ ಎತ್ತಿದ. ಅವಳು ಮುಖ ತಿರುಗಿಸಲಿಲ್ಲ. ಎತ್ತಿದ ಕೈ ಎತ್ತಿದಲ್ಲೇ ಇತ್ತು. ಅವಳು ಬೆರಳಿಗಂಟಿದ ಎಣ್ಣೆಯನ್ನು ರೊಟ್ಟಿಯ ಚೂರಿಗೆ ಒರೆಸಿ ಅದನ್ನೂ ತಿಂದಳು. ಸಮುದ್ರದ ಕಡೆಯಿಂದ ಥಂಡಿಗಾಳಿ ಎದ್ದು ಮೇಜಿನ ಬಟ್ಟೆಯನ್ನು ಪಟಪಟ ಬಡಿಯಿತು. ಅದರ ಮೇಲೆ ಎಂಟು ಎಂಜಲು ತಟ್ಟೆಗಳಿದ್ದವು. ತೆಗೆಯಲು ಯಾರೂ ಏಳಲಿಲ್ಲ.