ಪಾತ್ರೆ ತೊಳೆಯುವ ಯಂತ್ರದೊಳಗಿನ ಬೀನ್ಸ್

ಮಿನೆಸೋಟಾದ ನಮ್ಮ ಪುಟ್ಟ ಊರಿನ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಸಂಗತಿಯೊಂದಿದೆ. ಒಂದು ಗುರುವಾರ ಆರ್ಡಿಸ್ ನೆಲ್ಸನ್ ತನ್ನ ಹಿತ್ತಲ ಬೀನ್ಸನ್ನು ಕೆಡದಂತೆ ಕಾಪಿಡಲೆಂದು ಜಾಡಿಗಳಿಗೆ ತುಂಬಿ, ಪಾತ್ರೆ ತೊಳೆಯುವ ಯಂತ್ರದೊಳಗಿಟ್ಟು, ಗುಂಡಿ ಒತ್ತಿದಳು.

ಉಪಾಯ ಟೀವಿಯದು. ಬೆಳಗಿನ ಕಾರ್ಯಕ್ರಮದಲ್ಲಿ ಜೋನೆಲ್ ಅತಿಥಿಗಳನ್ನು ಮಾತಾಡಿಸುತ್ತಾಳೆ, ಬಟ್ಟೆಯ ಕಲೆ ತೆಗೆಯುವುದನ್ನು ಹೇಳಿಕೊಡುತ್ತಾಳೆ. ನಡುವೆ ಡ್ಯೂಯಿ ಎಂಬ ಹಾಸ್ಯಗಾರ ಸೋಮಾರಿ ಗಂಡನ ವೇಷದಲ್ಲಿ ಬರುತ್ತಾನೆ. ಅಲ್ಲಿ ಕೂತ ಪ್ರೇಕ್ಷಕರು ಇಬ್ಬರಿಗೂ ಒಂದೇ ಸಮನೆ ನಗುತ್ತಾರೆ. ಸಲಹೆ ಯಾವುದು, ತಮಾಷೆ ಯಾವುದು ಎಂದು ಮನೆಯಲ್ಲಿದ್ದವರೇ ವಿಂಗಡಿಸಿಕೊಳ್ಳಬೇಕು.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಸುಗ್ಗಿಯೂಟ. ಆರ್ಡಿಸ್ ಓವನ್‌ನಲ್ಲಿ ಬೇಯಿಸಿ ತರುವ ಬೀನ್ಸ್ ಹಾಟ್‌ಡಿಶ್ ಇಲ್ಲದೆ ಅದು ಎಂದೂ ನಡೆದದ್ದಿಲ್ಲ. ಶನಿವಾರ ಪಕ್ಕದ ಮನೆಯ ಲವಾನ್ ಬಂದಳು. ತರಕಾರಿ ಕೆಡದಂತೆ ಜಾಡಿ ಕಟ್ಟುವುದನ್ನು ಊರಿನವರಿಗೆ ಕಲಿಸುವವಳು ಅವಳೇ.

“ಇಷ್ಟು ಬೇಗ ಮುಗಿಸಿಬಿಟ್ಯಾ?”

“ಯಂತ್ರ ಮಾಡ್ತು. ಡ್ಯೂಯಿ ತೋರಿಸಿದ.”

“ಅವನು ಸಾಕ್ಸ್‌ನಲ್ಲಿ ಕಾಫಿ ಸೋಸೋದನ್ನೂ ತೋರಿಸಿದ್ದ ಕಣೇ.”

“ಮುಚ್ಚಳ ಟಿಕ್ ಅಂತ ಕೂತಿದೆ, ಕಿವಿಯಾರೆ ಕೇಳಿದೀನಿ.”

“ಕೂತಿದ್ರೆ ಒಳಗೆ ಗಾಳಿ ಇಲ್ಲ ಅಂತ ಅಷ್ಟೇ. ಬೀನ್ಸ್‌ನಲ್ಲಿ ವಿಷ ಹುಟ್ಟಿಸೋ ಕ್ರಿಮಿಗೆ ಬೇಕಾಗಿರೋದೂ ಅದೇ. ಆ ಯಂತ್ರದ ಬಿಸಿಗೆ ಅದು ಸಾಯಲ್ಲ.”

“ಕೆಟ್ಟಿದ್ರೆ ವಾಸನೆ ಬರಲ್ವಾ? ಒಂದು ಚಮಚ ರುಚಿ ನೋಡ್ತೀನಿ, ಬಿಡು.”

“ಆ ಒಂದು ಚಮಚವೇ ಸಾಕು. ವಾಸನೆ, ಬಣ್ಣ ಏನೂ ಬದಲಾಗದೇ ಇರಬಹುದು. ಮೊದಲು ಕಣ್ಣು ಮಂಜಾಗತ್ತೆ, ಆಮೇಲೆ ನಾಲಿಗೆ ತೊದಲತ್ತೆ, ಕೊನೆಗೆ ಉಸಿರಾಡೋಕೂ ಆಗಲ್ಲ. ನಾಳೆ ಊರಿಗೆ ಊರೇ ಉಣ್ಣೋಕೆ ಬರತ್ತೆ, ಆರ್ಡಿಸ್.”

ಕುರ್ಚಿಯಲ್ಲಿದ್ದ ಆರ್ಡಿಸಳ ಗಂಡ ಮಿಲ್ಟನ್ ಪತ್ರಿಕೆ ಇಳಿಸಿದ. “ಅದು ತಮಾಷೆ ಅಂತ ನಂಗೆ ಅವತ್ತೇ ಗೊತ್ತಿತ್ತು. ನಕ್ಕೆನಲ್ಲ.”

“ಜೋನೆಲ್ ಕಲೆ ತೆಗೆಯುವಾಗಲೂ ನಗ್ತೀರಿ. ನಿಮ್ಮನ್ನ ನೋಡಿ ನಾನೇನು ತಿಳ್ಕೊಳ್ಳಲಿ?”

ಆರ್ಡಿಸ್ ಜಾಡಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿಟ್ಟಳು. ಆ ಬೀನ್ಸನ್ನು ಅವಳು ಮೇ ತಿಂಗಳಿಂದ ಬೆಳೆಸಿದ್ದಳು. ಆಮೇಲೆ, ಲವಾನ್ ಹೇಳಿದಂತೆ, ಮುಚ್ಚಳ ತೆರೆಯದೆಯೇ ದಪ್ಪ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕಸಕ್ಕೆ ಹಾಕಿದಳು.

ಟೀವಿ ನೋಡಿ, ಧಾರಾಳವಾಗಿ ನಗಿ. ಆದರೆ ಬೀನ್ಸ್, ಜೋಳ, ಮಾಂಸವನ್ನು ಜಾಡಿ ಕಟ್ಟುವುದಿದ್ದರೆ ಅಡುಗೆಯ ಕುಕ್ಕರ್ ಅಲ್ಲ, ಅದಕ್ಕೆಂದೇ ಮಾಡಿದ ‘ಪ್ರೆಶರ್ ಕ್ಯಾನರ್’ ಎಂಬ ಒತ್ತಡದ ಪಾತ್ರೆಯನ್ನೇ ಬಳಸಿ. ಎಷ್ಟು ಹೊತ್ತು ಎಂಬುದನ್ನು ಬಲ್ಲವರನ್ನು ಕೇಳಿ ತಿಳಿಯಿರಿ. ಅನುಮಾನ ಬಂದ ಜಾಡಿಯ ರುಚಿ ನೋಡಬೇಡಿ.

ಭಾನುವಾರದ ಹಾಟ್‌ಡಿಶ್‌ಗೆ ಅಂಗಡಿಯ ಬೀನ್ಸ್ ಬಿತ್ತು. ರುಚಿ ಸಾಧಾರಣವಾಗಿತ್ತು. ಎಲ್ಲರೂ ಉಂಡು ಮನೆಗೆ ಹೋದರು.