ವಾಸಿಯಾದವಳ ಸಾಕ್ಷಿ

ಬಿಳಿ, ಎಲ್ಲಿ ನೋಡಿದರೂ ಬಿಳಿ, ಗಂಜಿ ಹಾಕಿದ ನೂರು ಸೀರೆಗಳು ಫ್ಯಾನಿನ ಗಾಳಿಗೆ ಸರಸರ ಅನ್ನುತ್ತಿವೆ, ಚರ್ಚಿನ ಮಹಿಳಾ ಭಾನುವಾರ ಹೆಂಗಸರೆಲ್ಲ ಬಿಳಿಯನ್ನೇ ಉಡಬೇಕೆಂದು ಕಾನೂನು ಮಾಡಿದವರು ಯಾರೋ, ಖಂಡಿತ ಗಂಡಸೇ ಇರಬೇಕು — ಒಳಗೆ ಮೂರು ಮಡಿಕೆ ಬಟ್ಟೆ, ಅದರ ಮೇಲೆ ಹಳೆಯ ಟವೆಲ್ಲಿನ ತುಂಡು, ಅದರ ಮೇಲೆ ದಪ್ಪ ಲಂಗ, ಆದರೂ ಕೂತ ಬೆಂಚು ಬೆಚ್ಚಗೆ ಒದ್ದೆಯಾದಂತೆ, ಇಲ್ಲ ಸುಮಿತ್ರಾ, ಬರೀ ಭ್ರಮೆ, ಅಲ್ಲಾಡದೆ ಕೂತಿರು. ಇನ್ನೊಂದು ಹಾಡು, ಆಮೇಲೆ ನಾನು. ಬ್ಯಾನರಿನ ಮೇಲೆ ದೊಡ್ಡ ತೆಲುಗು ಅಕ್ಷರ, ಬೈಬಲಿನ ಸ್ತ್ರೀಯರು ಇಂದಿನ ಸ್ತ್ರೀಯರಿಗೆ ಮಾದರಿ, ಸ್ತ್ರೀ ಸಮಾಜದ ಕಾರ್ಯದರ್ಶಿ ಕರುಣಮ್ಮಗಾರು ಆ ಮಾದರಿಗಳನ್ನು ಕೇಕು ಹಂಚಿದ ಹಾಗೆ ಹಂಚಿದ್ದಾರೆ, ರೂತಳು ಲೆಕ್ಚರರ ಹೆಂಡತಿಗೆ, ಎಸ್ತೇರಳು ಚೆನ್ನಾಗಿ ಉಡುವ ಇಂಜಿನಿಯರ ಸೊಸೆಗೆ, ಮತ್ತು ಹನ್ನೆರಡು ವರ್ಷ ರಕ್ತ ಹೋಗಿ ಹೋಗಿ ನವೆದು, ಗುಂಪಿನಲ್ಲಿ ನುಸುಳಿ, ಯೇಸುವಿನ ಉಡುಪಿನ ಅಂಚು ಮುಟ್ಟಿ ವಾಸಿಯಾದಳಲ್ಲ, ಹೆಸರೇ ಇಲ್ಲದ ಆ ಹೆಂಗಸು, ಅವಳು ನನಗೆ. ಮೀರು ತಪ್ಪ ಎವರು ಚೆಪ್ತಾರಂಡಿ, ನೀವಲ್ಲದೆ ಅವಳ ಬಗ್ಗೆ ಇನ್ನಾರು ಹೇಳಿಯಾರು ಅಂತ ವಿಜಯವಾಡಕ್ಕೇ ಫೋನು ಮಾಡಿ ಕರೆಸಿದರು.

ಹೌದು, ನಾನಲ್ಲದೆ ಇನ್ನಾರು. ಎರಡು ವರ್ಷದ ಹಿಂದೆ ಇದೇ ವಿಶಾಖಪಟ್ಟಣದಲ್ಲಿ, ಇದೇ ಮೈಕಿನ ಮುಂದೆ ನಿಂತು ಸಾಕ್ಷಿ ಹೇಳಿದವಳು ನಾನೇ, ಉಪವಾಸ ಪ್ರಾರ್ಥನೆ ಮಾಡಿದೆ, ಮಾತ್ರೆ ಬಿಟ್ಟೆ, ದೇವರು ನನ್ನ ರಕ್ತಸ್ರಾವ ನಿಲ್ಲಿಸಿದ ಅಂತ — ಸುಳ್ಳಲ್ಲ, ನಿಂತಿತ್ತು, ನಲವತ್ತು ದಿನ ನಿಂತಿತ್ತು, ಸಾಕ್ಷಿ ಹೇಳಿ ಮೂರು ದಿನಕ್ಕೆ ಮತ್ತೆ ಶುರುವಾಯಿತು. ಇನ್ನಷ್ಟು ಕಾಯೋಣ ಅಂದಿದ್ದೆ, ಕರುಣಮ್ಮಗಾರು ಬಿಡಲಿಲ್ಲ, ಉಪಕಾರ ಮುಚ್ಚಿಟ್ಟರೆ ಆಶೀರ್ವಾದ ಉಳಿಯುವುದಿಲ್ಲವಂತೆ, ನನಗೂ ಆ ಚಪ್ಪಾಳೆ ಬೇಕಾಗಿತ್ತು, ಒಪ್ಪಿಕೋ, ಗದಗಿನಿಂದ ಬಂದ ಕನ್ನಡದವಳು, ತೆಲುಗು ತಡವರಿಸುವವಳು, ನನ್ನನ್ನು ಮೊದಲ ಸಲ ಎಲ್ಲರೂ ತಲೆಯೆತ್ತಿ ನೋಡಿದರು. ಆಮೇಲೆ ಗಂಡ ಅಶೋಕರಿಗೆ ವಿಜಯವಾಡದ ಬ್ರಾಂಚಿಗೆ ವರ್ಗವಾಯಿತು, ಬದುಕಿದೆ ಅಂದುಕೊಂಡೆ, ಹೊಸ ಊರಿನಲ್ಲಿ ಬಕೆಟ್ಟಿನ ಕೆಂಪು ನೀರು ನೋಡುವವಳು ನಾನೊಬ್ಬಳೇ. ಹೇಳಿಬಿಡೋಣ ಅಂತ ಗಂಡನನ್ನು ಎಷ್ಟು ಸಲ ಕೇಳಿದೆ, ಈಗ ಯಾಕ ಅದನ್ನ ಕೆದಕ್ತಿ, ದೇವರಿಗೆ ಕೆಟ್ಟ ಹೆಸರು ಬರ್ತದ, ನನ್ನ ಮಾರಿನೂ ಸ್ವಲ್ಪ ನೋಡು, ಇನ್ನಷ್ಟು ಪ್ರಾರ್ಥನಾ ಮಾಡು, ಅನ್ನುತ್ತಿದ್ದರು. ಮಾಡಿದೆ. ಮಾಡುತ್ತಲೇ ಇದ್ದೇನೆ, ದೇವರೇ, ನಿನಗೂ ಕೇಳಿ ಕೇಳಿ ಸಾಕಾಗಿರಬೇಕು. ಗುರುವಾರ ಅಶೋಕರಿಗೆ ಹೇಳದೆ ಡಾಕ್ಟರಮ್ಮನ ಹತ್ತಿರ ಹೋದೆ, ಆಕೆ ಏನೂ ಕೇಳಲಿಲ್ಲ, ನನ್ನ ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟಳು, ಬಿಟ್ಟ ಮೇಲೂ ಉಗುರು ಬೆಳ್ಳಗೇ ಇತ್ತು, ಇಬ್ಬರೂ ಅದನ್ನೇ ನೋಡುತ್ತ ಕೂತೆವು. ರಕ್ತ ಪರೀಕ್ಷೆ ಮಾಡಿಸಿ ಅಂದಳು, ಆರು ಇದೆಯಮ್ಮಾ ರಕ್ತ, ಹನ್ನೆರಡು ಇರಬೇಕಾದ ಕಡೆ, ಮಂಗಳವಾರ ಅಡ್ಮಿಟ್ ಆಗು, ಗರ್ಭಕೋಶ ತೆಗೆಯೋಣ, ಈ ತಿಂಗಳು ದಾಟಿಸಿದರೆ ನನ್ನನ್ನು ಕೇಳಬೇಡ. ಆಕೆ ಬರೆದುಕೊಟ್ಟ ಚೀಟಿ ಈಗ ಬೈಬಲಿನೊಳಗೆ, ಮಾರ್ಕನ ಐದನೆಯ ಅಧ್ಯಾಯದಲ್ಲಿದೆ.

ಅಷ್ಟೇ ಆಗಿದ್ದರೆ ಇವತ್ತೂ ನುಂಗಿಕೊಳ್ಳುತ್ತಿದ್ದೆ, ನುಂಗಿ ನುಂಗಿ ಅಭ್ಯಾಸವಾಗಿದೆ. ಆದರೆ ಬೆಳಿಗ್ಗೆ ಬಾಗಿಲಲ್ಲಿ ಆ ಹುಡುಗಿ, ರಾಜ್ಯಲಕ್ಷ್ಮಿ, ಪೆಂಡುರ್ತಿಯಿಂದ ಎರಡು ಬಸ್ಸು ಬದಲಿಸಿ ಬಂದವಳು, ಮೂವತ್ತೂ ಆಗಿರಲಿಕ್ಕಿಲ್ಲ, ನನ್ನ ಕೈ ಹಿಡಿದು ಅಕ್ಕಾ ಅಂದಳು, ಮೀ ಸಾಕ್ಷ್ಯಂ ವಿನ್ನಾಕ ನೇನೂ ಮಂದುಲು ಮಾನೇಶಾನು. ನಿಮ್ಮ ಸಾಕ್ಷಿ ಕೇಳಿದ ಮೇಲೆ ನಾನೂ ಔಷಧಿ ಬಿಟ್ಟೆ. ನಗುತ್ತಾ ಹೇಳಿದಳು! ನಾನು ಅವಳ ಮುಖ ನೋಡಲಾರದೆ ಕೈ ನೋಡಿದೆ, ನನ್ನ ಕೈಮೇಲೆ ಅವಳ ಉಗುರುಗಳು, ಸುಣ್ಣದಂತೆ ಬೆಳ್ಳಗೆ, ಯಾರ ಉಗುರು ಯಾರದ್ದೆಂದೇ ತಿಳಿಯಲಿಲ್ಲ. ಈಗ ಮುಂದಿನ ಬೆಂಚಿನಲ್ಲೇ ಕೂತಿದ್ದಾಳೆ, ನನಗಾಗಿ ಕಾಯುತ್ತಿದ್ದಾಳೆ. ಅಯ್ಯೋ, ನಾನೇನು ಮಾಡಿಬಿಟ್ಟೆ. ಗಂಡನ ಜೊತೆ ಸೇರಿ ಸುಳ್ಳು ಹೇಳಿ ಪೇತ್ರನ ಕಾಲ ಬಳಿ ಬಿದ್ದು ಸತ್ತಳಲ್ಲ ಸಪ್ಫೈರಳು, ಅವಳೂ ಬೈಬಲಿನ ಹೆಂಗಸೇ, ಅವಳನ್ನು ಮಾತ್ರ ಕರುಣಮ್ಮಗಾರು ಯಾರಿಗೂ ಹಂಚುವುದಿಲ್ಲ.

ಹಾಡು ಮುಗಿಯಿತು, ನನ್ನ ಹೆಸರು, ಎದ್ದೆ, ಸೆರಗನ್ನು ಹಿಂದಕ್ಕೆ ಎಳೆದುಕೊಂಡೆ, ಕಣ್ಣು ಕತ್ತಲೆ, ಹೆಜ್ಜೆ, ಇನ್ನೊಂದು ಹೆಜ್ಜೆ, ಗಂಡಸರ ಕಡೆ ಅಶೋಕರು ಟೈ ಕಟ್ಟಿಕೊಂಡು ನೆಟ್ಟಗೆ ಕೂತಿದ್ದಾರೆ, ನಿನ್ನೆ ರತ್ನಾಚಲ ರೈಲಿನಲ್ಲಿ ತುನಿ ಸ್ಟೇಷನ್ನು ದಾಟುವವರೆಗೂ ನನ್ನ ಭಾಷಣ ತಿದ್ದಿದರು, ಪಾಪ — ಮೈಕು ತಣ್ಣಗಿದೆ, ಹಿಡಿದುಕೊಂಡೆ, ಓದುತ್ತಿದ್ದೇನೆ, ಅವಳು ಹಿಂದಿನಿಂದ ಬಂದಳು, ಮುಟ್ಟಿದಳು, ವಾಸಿಯಾಯಿತು. ಅಲ್ಲಿಗೆ ಸುಮ್ಮನೆ ಮನೆಗೆ ಹೋಗಬಹುದಿತ್ತು ಅವಳು, ಯಾರೂ ನೋಡಿರಲಿಲ್ಲ. ಮುಟ್ಟಿದವರು ಯಾರು ಅಂತ ಆತ ಕೇಳಿದಾಗ ಗಡಗಡ ನಡುಗುತ್ತಾ ಮುಂದೆ ಬಂದು ಎಲ್ಲವನ್ನೂ ಹೇಳಿದಳು, ಮೈಲಿಗೆಯವಳು, ಅಷ್ಟು ಜನರನ್ನು ತಾಕಿಕೊಂಡು ಬಂದವಳು, ಹೊಡೆದೇ ಹಾಕುತ್ತಿದ್ದರು — ನಂಬಿಗಸ್ತಿಕೆ ಅಂದರೆ ಅದೇ ಇರಬೇಕು, ಮುಟ್ಟಿದ್ದಲ್ಲ, ಮುಂದೆ ಬಂದದ್ದು, ಇಷ್ಟು ವರ್ಷ ಓದಿ ನನಗೆ ಈಗ ಹೊಳೆಯಬೇಕೇ, ತೊಡೆಯ ಮೇಲೆ ಬಿಸಿ ಗೆರೆ ಇಳಿಯುತ್ತಿರುವಾಗ. ಆದರೆ ಅವಳಿಗೆ ವಾಸಿಯಾಗಿತ್ತು. ನನಗಿಲ್ಲ. ವಾಸಿಯಾಗದವಳು ಏನು ಹೇಳಬೇಕು, ಯಾವ ಅಧ್ಯಾಯದಲ್ಲಿದೆ ಅದು, ಅಶೋಕರು ಕೈಸನ್ನೆ ಮಾಡುತ್ತಿದ್ದಾರೆ, ಮುಂದಕ್ಕೆ ಓದು, ಓದು, ಮತ್ತು ನನ್ನ ಬಾಯಿ ತಾನಾಗಿಯೇ, ನಾಕು ತಗ್ಗಲೇದು. ನನಗೆ ವಾಸಿಯಾಗಿಲ್ಲ.

ಸ್ತೋತ್ರಂ, ಅಂದರು ಎಲ್ಲರೂ. ಅಭ್ಯಾಸ. ಮೈಕಿನಲ್ಲಿ ಏನು ಬಂದರೂ ಸ್ತೋತ್ರಂ. ಮತ್ತೆ ಹೇಳಿದೆ, ಗಟ್ಟಿಯಾಗಿ, ತಪ್ಪು ತೆಲುಗಿನಲ್ಲೇ, ಅಂದು ನಿಂತದ್ದು ಬರೀ ನಲವತ್ತು ದಿನ, ಈಗಲೂ ಹೋಗುತ್ತಿದೆ, ಈ ಸೀರೆಯಲ್ಲೇ, ಡಾಕ್ಟರಮ್ಮ ಉಗುರು ಒತ್ತಿ ನೋಡಿದರು, ಕೆಂಪು ತಿರುಗಿ ಬರಲಿಲ್ಲ, ಮಂಗಳವಾರ ಆಪರೇಷನ್ನು, ನಾನು ಹೋಗುತ್ತೇನೆ, ದೇವರನ್ನು ಬಿಟ್ಟು ಹೋಗುತ್ತಿಲ್ಲ, ಕರೆದುಕೊಂಡೇ ಹೋಗುತ್ತೇನೆ, ರಾಜ್ಯಲಕ್ಷ್ಮಿ, ನೀನೂ ಹೋಗು ತಾಯಿ, ಇವತ್ತೇ ಹೋಗು. ಅಶೋಕರು ತಲೆ ತಗ್ಗಿಸಿದ್ದಾರೆ, ಕರುಣಮ್ಮಗಾರು ಮೈಕಿನತ್ತ ಬರುತ್ತಿದ್ದಾರೆ, ಬರಲಿ. ಸ್ತೋತ್ರಕ್ಕೆಂದು ಎತ್ತಿದ್ದ ಕೈಯನ್ನು ರಾಜ್ಯಲಕ್ಷ್ಮಿ ಮೆಲ್ಲಗೆ ಇಳಿಸುತ್ತಾಳೆ, ನನ್ನ ಕಡೆ ನೋಡುವುದಿಲ್ಲ, ಮಡಿಲಲ್ಲಿ ಒಂದು ಹೆಬ್ಬೆರಳಿನಿಂದ ಇನ್ನೊಂದರ ಉಗುರನ್ನು ಒತ್ತುತ್ತಾಳೆ, ಬಿಡುತ್ತಾಳೆ, ಬಗ್ಗಿ ನೋಡುತ್ತಾಳೆ, ನಾನೂ ನೋಡುತ್ತೇನೆ, ಬೆಳ್ಳಗಿದೆ, ಇನ್ನೂ ಬೆಳ್ಳಗಿದೆ, ಮತ್ತೆ ಒತ್ತುತ್ತಾಳೆ, ಬಿಡುತ್ತಾಳೆ, ಬೆಳ್ಳಗೆ —